ಉಷ್ಣವಲಯದ ದ್ವೀಪಗಳ ಸಿಹಿನೀರಿನಲ್ಲಿ ಬಾಸ್ ಮೀನುಗಾರಿಕೆ ಮತ್ತು ಮೀನಿನ ಆರೋಗ್ಯ

ದ್ವೀಪವೆಂದರೆ ಸುತ್ತಲೂ ಕಡಲು, ಅಲ್ಲಿನ ಮೀನುಗಾರಿಕೆಯೆಂದರೆ ಕಡಲ ಮೀನುಗಾರಿಕೆ ಎಂಬ ಭಾವನೆ ನಮ್ಮಲ್ಲಿ ಸಹಜವಾಗಿ ಬೇರೂರಿದೆ. ಆದರೆ ಪೆಸಿಫಿಕ್ ಸಾಗರದ ಹವಾಯಿ, ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ಮತ್ತು ಕ್ಯೂಬಾ ದ್ವೀಪಗಳ ಒಳನಾಡಿನಲ್ಲಿ ಕಳೆದ ಒಂದು ಶತಮಾನದಿಂದ ಬೇರೊಂದು ಬಗೆಯ ಮೀನುಗಾರಿಕೆ ಬೆಳೆದುಬಂದಿದೆ. ಕಬ್ಬಿನ ಗದ್ದೆಗೆ ನೀರುಣಿಸಲೆಂದೋ ವಿದ್ಯುತ್ ಉತ್ಪಾದನೆಗೆಂದೋ ಕಟ್ಟಿದ ಜಲಾಶಯಗಳಲ್ಲಿ, ಉತ್ತರ ಅಮೆರಿಕದಿಂದ ತಂದು ಬಿಟ್ಟ ಬಾಸ್ ಎಂಬ ಮೀನನ್ನು ಗಾಳ ಹಾಕಿ ಹಿಡಿಯುವ ಹವ್ಯಾಸವದು. ಹಿಡಿದ ಮೀನನ್ನು ಹೆಚ್ಚಿನವರು ಮನೆಗೆ ಒಯ್ಯುವುದಿಲ್ಲ. ತೂಗಿ, ನೋಡಿ, ಮತ್ತೆ ನೀರಿಗೆ ಬಿಡುತ್ತಾರೆ. ಹೊಟ್ಟೆಪಾಡಿಗಲ್ಲದ ಈ ಮೀನುಗಾರಿಕೆಯನ್ನು ಗಂಭೀರ ಅಧ್ಯಯನಕ್ಕೆ ಎತ್ತಿಕೊಳ್ಳುವ ಅಗತ್ಯವೇನು ಎಂಬ ಪ್ರಶ್ನೆ ಏಳಬಹುದು. ತಂಪು ನಾಡಿನ ಮೀನೊಂದು ಬಿಸಿ ನೀರಿನಲ್ಲಿ ಹೇಗೆ ಬದುಕುತ್ತದೆ, ಯಾವಾಗ ಸಾಯುತ್ತದೆ, ತಾನು ಬದುಕುವ ಭರದಲ್ಲಿ ಸ್ಥಳೀಯ ಜೀವಿಗಳನ್ನು ಏನು ಮಾಡುತ್ತದೆ ಎಂಬ ಮೂರು ವಿಚಾರಗಳು ಈ ಜಲಾಶಯಗಳಲ್ಲಿ ಒಂದರ ಪಕ್ಕದಲ್ಲಿ ಒಂದು ನಿಂತಿವೆ. ಪ್ರಸ್ತುತ ಲೇಖನದಲ್ಲಿ ಈ ಮೂರನ್ನೂ ಜೊತೆಯಾಗಿ ನೋಡುವ ಪ್ರಯತ್ನ ಮಾಡಲಾಗಿದೆ.

ಬಾಸ್ ಎಂಬ ಹೆಸರು

ಮೊದಲಿಗೆ ಹೆಸರಿನ ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳಿತು. ‘ಬಾಸ್’ ಎಂಬುದು ಒಂದೇ ಮೀನಿನ ಹೆಸರಲ್ಲ. ಕಡಲಿನಲ್ಲಿಯೂ ಬಾಸ್‌ಗಳಿವೆ. ಸಿಹಿನೀರಿನ ಗಾಳಗಾರರು ಬಾಸ್ ಎಂದಾಗ ಅವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಮೈಕ್ರೊಪ್ಟೆರಸ್ ಕುಲದ ಮೀನುಗಳು. ಇವುಗಳಲ್ಲಿ ದೊಡ್ಡಬಾಯಿಯ ಬಾಸ್ ಮತ್ತು ಚಿಕ್ಕಬಾಯಿಯ ಬಾಸ್ ಮುಖ್ಯವಾದವು. ಹಸಿರು ಮಿಶ್ರಿತ ಮೈಬಣ್ಣ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ, ಕಣ್ಣಿನಿಂದ ಹಿಂದಕ್ಕೆ ಚಾಚಿದ ಬಾಯಿ ದೊಡ್ಡಬಾಯಿಯ ಬಾಸ್‌ನ ಗುರುತುಗಳು. ಇದರ ವೈಜ್ಞಾನಿಕ ನಾಮಧೇಯ ಮೈಕ್ರೊಪ್ಟೆರಸ್ ಸಾಲ್ಮಾಯ್ಡಿಸ್ ಎಂದು ಎರಡು ಶತಮಾನಗಳ ಪುಸ್ತಕಗಳಲ್ಲಿ ಅಚ್ಚಾಗಿದೆ. ಆದರೆ 2022ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು, ಆ ಹೆಸರು ನ್ಯಾಯವಾಗಿ ಸಲ್ಲಬೇಕಾದದ್ದು ಫ್ಲಾರಿಡಾ ಪ್ರದೇಶದ ಪ್ರಭೇದಕ್ಕೆಂದೂ ಉಳಿದ ಕಡೆಯ ಮೀನನ್ನು ಮೈಕ್ರೊಪ್ಟೆರಸ್ ನೈಗ್ರಿಕಾನ್ಸ್ ಎಂದು ಕರೆಯಬೇಕೆಂದೂ ಪ್ರತಿಪಾದಿಸಿತು. ಹಳೆಯ ವರದಿಗಳನ್ನು ಓದುವವರು ಈ ಬದಲಾವಣೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ.

ಹವಾಯಿ ಮತ್ತು ಪೋರ್ಟೊರಿಕೊಗಳಲ್ಲಿ ಗಾಳಗಾರರ ಅಚ್ಚುಮೆಚ್ಚಿನ ಇನ್ನೊಂದು ಮೀನು ಪೀಕಾಕ್ ಬಾಸ್. ಬಾಲದ ಬುಡದಲ್ಲಿ ನವಿಲುಗರಿಯ ಕಣ್ಣಿನಂತಹ ಚುಕ್ಕೆಯಿರುವುದರಿಂದ ಈ ಹೆಸರು ಬಂದಿದೆ. ದಕ್ಷಿಣ ಅಮೆರಿಕ ಮೂಲದ ಈ ಮೀನು ಹೆಸರಿನಲ್ಲಿ ಮಾತ್ರ ಬಾಸ್. ಕುಲದಲ್ಲಿ ಅದು ಸಿಕ್ಲಿಡ್. ನಮ್ಮ ಕೆರೆಗಳಲ್ಲಿ ಜಿಲೇಬಿ ಎಂದು ಕರೆಯಿಸಿಕೊಳ್ಳುವ ತಿಲಾಪಿಯದ ಬಂಧು. ಹೀಗಾಗಿ ಬಿಸಿ ನೀರು ಅದಕ್ಕೆ ತವರು ಮನೆ. ದೊಡ್ಡಬಾಯಿಯ ಬಾಸ್‌ಗಾದರೋ ಅದು ಅತ್ತೆಮನೆ.

ದ್ವೀಪಕ್ಕೆ ಬಂದ ಬಗೆ

ಜ್ವಾಲಾಮುಖಿಗಳಿಂದ ಹುಟ್ಟಿದ ಪರ್ವತಮಯ ದ್ವೀಪಗಳಲ್ಲಿ ದೊಡ್ಡ ನೈಸರ್ಗಿಕ ಸರೋವರಗಳು ವಿರಳ. ಮಳೆನೀರು ಕಡಿದಾದ ತೊರೆಗಳಲ್ಲಿ ಕೆಲವೇ ಗಂಟೆಗಳಲ್ಲಿ ಸಮುದ್ರ ಸೇರಿಬಿಡುತ್ತದೆ. ನಿಂತ ನೀರಿನಲ್ಲಿ ಬದುಕುವ ಸ್ಥಳೀಯ ಮೀನುಗಳು ಇಂತಹ ಕಡೆ ವಿಕಾಸಗೊಳ್ಳಲು ಅವಕಾಶವೇ ಇರಲಿಲ್ಲವೆನ್ನಬಹುದು. ಇಪ್ಪತ್ತನೆಯ ಶತಮಾನದಲ್ಲಿ ಅಣೆಕಟ್ಟುಗಳು ಎದ್ದು ವಿಶಾಲವಾದ ನಿಂತ ನೀರು ಸೃಷ್ಟಿಯಾದಾಗ, ಅದು ಖಾಲಿ ಮನೆಯಂತೆ ಆಡಳಿತಗಾರರಿಗೆ ಕಂಡಿತು. ಖಾಲಿ ಮನೆಗೆ ಬಾಡಿಗೆದಾರರನ್ನು ಹುಡುಕಿದಂತೆ ಮೀನುಗಳನ್ನು ಹುಡುಕಲಾಯಿತು.

ಹವಾಯಿಗೆ ದೊಡ್ಡಬಾಯಿಯ ಬಾಸ್ 1890ರ ದಶಕದ ಕೊನೆಯಲ್ಲಿಯೇ ಬಂದಿತ್ತು. ಚಿಕ್ಕಬಾಯಿಯ ಬಾಸ್ 1953ರಲ್ಲಿ, ಪೀಕಾಕ್ ಬಾಸ್ 1957ರಲ್ಲಿ ಬಂದವು. ಪೋರ್ಟೊರಿಕೊದಲ್ಲಿ ದೊಡ್ಡಬಾಯಿಯ ಬಾಸ್‌ನ ಮೊದಲ ಬಿಡುಗಡೆ 1915ರದು. ಆ ದ್ವೀಪದ ಪಶ್ಚಿಮ ಬೆಟ್ಟಸಾಲಿನ ಮಾರಿಕಾವ್ ಎಂಬಲ್ಲಿ 1930ರ ದಶಕದಲ್ಲಿ ಸ್ಥಾಪಿತವಾದ ಮೀನುಮರಿ ಉತ್ಪಾದನಾ ಕೇಂದ್ರವು ಮುಂದೆ ಜಲಾಶಯಗಳಿಗೆ ಮರಿಗಳನ್ನು ಪೂರೈಸುತ್ತ ಬಂದಿತು. ಬಾಸ್‌ಗೆ ಆಹಾರವಾಗಲೆಂದು ಥ್ರೆಡ್‌ಫಿನ್ ಶ್ಯಾಡ್ ಎಂಬ ಚಿಕ್ಕ ಮೀನನ್ನೂ ತರಲಾಯಿತು. ಇದು ನಮ್ಮ ಕರಾವಳಿಯ ಬೂತಾಯಿಯ ದೂರದ ಸಂಬಂಧಿ. ಅಂದರೆ ಬೇಟೆಗಾರನೂ ಪರದೇಶಿ, ಬೇಟೆಯೂ ಪರದೇಶಿ, ಇಬ್ಬರೂ ವಾಸಿಸುವ ನೀರು ಮಾನವನಿರ್ಮಿತ. ಇಂತಹ ಸಮುದಾಯವನ್ನು ಪ್ರಕೃತಿಯೆನ್ನುವುದೋ ಸಾಕಣೆಯೆನ್ನುವುದೋ ಎಂಬುದು ಚರ್ಚಾಸ್ಪದ. ಕ್ಯೂಬಾದಲ್ಲಿ ಈ ಮೀನಿಗೆ ‘ಟ್ರೂಚಾ’ ಎಂಬ ಹೆಸರು ನೆಲೆಗೊಂಡಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದದ ಅರ್ಥ ಟ್ರೌಟ್. ಹೊಸದಾಗಿ ಬಂದ ಜೀವಿಗೆ ಜನರು ತಾವು ಬಲ್ಲ ಹೆಸರನ್ನೇ ತೊಡಿಸುವ ರೂಢಿ ಎಲ್ಲ ದೇಶಗಳಲ್ಲಿಯೂ ಒಂದೇ.

ಬಿಸಿ ನೀರಿನಲ್ಲಿ ಬದುಕಿನ ಲಯ

ತಂಪು ನಾಡಿನ ಸರೋವರದಲ್ಲಿ ದೊಡ್ಡಬಾಯಿಯ ಬಾಸ್ ನಿಧಾನವಾಗಿ ಬೆಳೆಯುತ್ತದೆ, ಮೂರು ನಾಲ್ಕು ವರ್ಷಗಳಿಗೆ ಪ್ರಾಯಕ್ಕೆ ಬರುತ್ತದೆ, ಹತ್ತು ವರ್ಷಗಳಿಗೂ ಮೀರಿ ಬದುಕಬಲ್ಲದು. ಚಳಿಗಾಲದಲ್ಲಿ ಅದರ ಬೆಳವಣಿಗೆ ನಿಂತೇಹೋಗುತ್ತದೆ. ಪೋರ್ಟೊರಿಕೊದ ಯಾಕೊ ಸಮೀಪದ ಲುಕೆಟಿ ಜಲಾಶಯದಲ್ಲಿ ನೀಲ್, ನೋಬಲ್ ಮೊದಲಾದ ಮೀನುಗಾರಿಕಾ ವಿಜ್ಞಾನಿಗಳು 1990ರ ದಶಕದಿಂದ ನಡೆಸಿದ ಅಧ್ಯಯನಗಳು ಇದಕ್ಕಿಂತ ತೀರ ಭಿನ್ನವಾದ ಚಿತ್ರವನ್ನು ಕೊಡುತ್ತವೆ. ಅಲ್ಲಿ ಮರಿಗಳು ವರ್ಷವಿಡೀ ಬೆಳೆಯುತ್ತವೆ. ಮೊದಲ ವರ್ಷದ ಬೆಳವಣಿಗೆ ಬೆರಗು ಹುಟ್ಟಿಸುವಷ್ಟು ವೇಗದ್ದು. ಸುಮಾರು ಒಂದು ವರ್ಷದಲ್ಲಿಯೇ ಅವು ಸಂತಾನೋತ್ಪತ್ತಿಗೆ ಸಿದ್ಧವಾಗುತ್ತವೆ. ಮೊಟ್ಟೆಯಿಡುವ ಕಾಲವೂ ಕೆಲವು ವಾರಗಳಿಗೆ ಸೀಮಿತವಾಗದೆ ವರ್ಷಾರಂಭದಿಂದ ಜೂನ್‌ವರೆಗೆ ಹರಡಿಕೊಂಡಿರುತ್ತದೆ. ಆದರೆ ಪ್ರಾಯಕ್ಕೆ ಬಂದೊಡನೆ ಬೆಳವಣಿಗೆಯ ವೇಗ ಥಟ್ಟನೆ ಇಳಿಯುತ್ತದೆ. ಮೂರು ನಾಲ್ಕು ವರ್ಷ ದಾಟುವ ಮೀನುಗಳು ಕೆಲವೇ.

ಇದಕ್ಕೆ ಕಾರಣವನ್ನು ಶರೀರಕ್ರಿಯೆಯಲ್ಲಿ ಹುಡುಕಬೇಕಾಗುತ್ತದೆ. ಮೀನು ಶೀತರಕ್ತದ ಪ್ರಾಣಿ. ನೀರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅದರ ಚಯಾಪಚಯ ಕ್ರಿಯೆಯ ವೇಗ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ದೊಡ್ಡಬಾಯಿಯ ಬಾಸ್‌ನ ಬೆಳವಣಿಗೆಗೆ ಸುಮಾರು 27 ಡಿಗ್ರಿ ಅತ್ಯಂತ ಹಿತಕರ. ಅದನ್ನು ಮೀರಿದಂತೆ, ತಿಂದ ಆಹಾರದಲ್ಲಿ ಹೆಚ್ಚಿನ ಪಾಲು ಮೈಯನ್ನು ಬೆಳೆಸುವುದಕ್ಕಲ್ಲದೆ ಬರೀ ಬದುಕಿರುವುದಕ್ಕೇ ವ್ಯಯವಾಗುತ್ತದೆ. ಅದರ ಮೇಲೆ ಆರು ತಿಂಗಳ ಸಂತಾನೋತ್ಪತ್ತಿಯ ಹೊರೆ. ಗಂಡುಮೀನು ದಡದ ಬಳಿಯ ತೆಳುನೀರಿನಲ್ಲಿ ಬಾಲದಿಂದ ಕೆಸರು ಗುಡಿಸಿ ಗುಂಡನೆಯ ಗೂಡು ಮಾಡುತ್ತದೆ. ಮೊಟ್ಟೆ ಒಡೆದು ಮರಿಗಳು ಚದುರುವವರೆಗೆ ಕಾವಲು ನಿಲ್ಲುತ್ತದೆ. ಈ ಅವಧಿಯಲ್ಲಿ ಅದು ಸರಿಯಾಗಿ ತಿನ್ನುವುದಿಲ್ಲ. ಇದು ಸಾಲದೆಂಬಂತೆ, ವಿದ್ಯುತ್ತಿಗೋ ನೀರಾವರಿಗೋ ನೀರು ಬಿಟ್ಟಾಗ ಜಲಾಶಯದ ಮಟ್ಟ ಕುಸಿದು ಗೂಡುಗಳೇ ಒಣನೆಲದ ಮೇಲೆ ಉಳಿದುಬಿಡುವುದುಂಟು. ನೀರು ಬಿಡುವ ಅಧಿಕಾರಿಯ ಕೈಯಲ್ಲಿರುವ ತೂಬಿನ ಚಕ್ರವೂ ಮೀನಿನ ಆರೋಗ್ಯದ ಸಾಧನವೆಂಬುದನ್ನು ಈ ಸಂಗತಿ ತೋರಿಸುತ್ತದೆ.

ಅಲ್ಪಾಯುಷ್ಯವನ್ನು ರೋಗವೆಂದು ಎಣಿಸುವುದು ತಪ್ಪಾಗುತ್ತದೆ. ದ್ವೀಪದ ಬಾಸ್ ಸಣಕಲಾಗಿ ಕಂಡರೆ ತಕ್ಷಣ ಸೋಂಕನ್ನು ಶಂಕಿಸುವ ಗಾಳಗಾರರಿದ್ದಾರೆ. ಎಷ್ಟೋ ಸಲ ಅದು ಮೊಟ್ಟೆಯಿಟ್ಟು ಬಳಲಿದ ಎರಡು ವರ್ಷದ ‘ಮುದಿ’ ಮೀನು.

ಆಮ್ಲಜನಕದ ಲೆಕ್ಕ

ಮೀನಿನ ಆರೋಗ್ಯದ ಚರ್ಚೆ ಸಾಮಾನ್ಯವಾಗಿ ರೋಗಾಣುಗಳಿಂದ ಆರಂಭವಾಗುತ್ತದೆ. ಉಷ್ಣವಲಯದ ಜಲಾಶಯದ ಮಟ್ಟಿಗೆ ಆಮ್ಲಜನಕದಿಂದ ಆರಂಭಿಸುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಉಷ್ಣತೆಯ ಒಂದು ಲೀಟರ್ ಸಿಹಿನೀರು ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 7.6 ಮಿಲಿಗ್ರಾಂಗೆ ಇಳಿಯುತ್ತದೆ. ಮೀನಿಗೆ ಉಸಿರು ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ನೀರಿನಲ್ಲಿ ಉಸಿರು ಕಡಿಮೆಯಿರುತ್ತದೆ.

ಎರಡನೆಯ ತೊಡಕು ನೀರಿನ ಸ್ತರೀಕರಣದ್ದು. ಬಿಸಿಯಾದ ಮೇಲ್ನೀರು ಹಗುರ, ತಂಪಾದ ತಳನೀರು ಭಾರ. ಎರಡೂ ಬೆರೆಯದೆ ಪದರಗಳಾಗಿ ನಿಲ್ಲುತ್ತವೆ. ಇದು ತಂಪು ನಾಡಿನಲ್ಲಿಯೂ ಆಗುತ್ತದೆ. ಆದರೆ 29 ಮತ್ತು 30 ಡಿಗ್ರಿಗಳ ನೀರಿನ ನಡುವಿನ ಸಾಂದ್ರತೆಯ ವ್ಯತ್ಯಾಸವು 4 ಮತ್ತು 5 ಡಿಗ್ರಿಗಳ ನಡುವಿನ ವ್ಯತ್ಯಾಸಕ್ಕಿಂತ ಮೂವತ್ತು ಪಟ್ಟಿಗೂ ಮಿಗಿಲು. ಆದ್ದರಿಂದ ಉಷ್ಣವಲಯದಲ್ಲಿ ಒಂದೆರಡು ಡಿಗ್ರಿಗಳ ಅಂತರವೇ ಗಟ್ಟಿಯಾದ ಮುಚ್ಚಳದಂತೆ ಕೆಲಸ ಮಾಡುತ್ತದೆ. ಮುಚ್ಚಳದ ಕೆಳಗೆ ಕೊಳೆಯುವ ಎಲೆ, ಪಾಚಿ, ಚರಂಡಿಯ ಸಾವಯವ ವಸ್ತುಗಳು ಇದ್ದಬದ್ದ ಆಮ್ಲಜನಕವನ್ನು ಹೀರಿಬಿಡುತ್ತವೆ. ಅಲ್ಲಿ ಅಮೋನಿಯ, ಹೈಡ್ರೋಜನ್ ಸಲ್ಫೈಡ್‌ಗಳು ಶೇಖರವಾಗುತ್ತವೆ. ಬಾಸ್‌ಗೆ ಉಳಿಯುವುದು ಮೇಲಿನ ಕೆಲವೇ ಮೀಟರುಗಳ ಬಿಸಿ ನೀರು. ಹೀಗಿರುವಾಗ ಚಂಡಮಾರುತದ ಗಾಳಿ ಬೀಸಿದರೆ ಅಥವಾ ತಣ್ಣನೆಯ ಭಾರಿ ಮಳೆ ಸುರಿದರೆ ಪದರಗಳು ಒಮ್ಮೆಲೇ ಕದಡುತ್ತವೆ. ತಳದ ನಿರ್ಜೀವ ನೀರು ಮೇಲೇರಿ, ಒಂದೇ ರಾತ್ರಿಯಲ್ಲಿ ಸಾವಿರಾರು ಮೀನುಗಳು ಸಾಯಬಹುದು. ಮರುದಿನ ಮೀನು ತೇಲಿದ್ದನ್ನು ಕಂಡವರು ಯಾರೋ ವಿಷ ಹಾಕಿದರೆಂದು ಭಾವಿಸುವುದು ಸಹಜ.

ಪಾಚಿ ದಟ್ಟವಾಗಿ ಬೆಳೆದ ನೀರಿನಲ್ಲಿ ಇನ್ನೊಂದು ದಿನಚರಿಯಿದೆ. ಹಗಲಿನಲ್ಲಿ ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕ ಉಕ್ಕುತ್ತದೆ. ಇರುಳಿನಲ್ಲಿ ಅದೇ ಪಾಚಿ ಉಸಿರಾಡಿ ಅದನ್ನು ಬರಿದು ಮಾಡುತ್ತದೆ. ಕನಿಷ್ಠ ಮಟ್ಟ ಮುಟ್ಟುವುದು ಸೂರ್ಯೋದಯಕ್ಕೆ ಮುನ್ನ. ಮಧ್ಯಾಹ್ನ ನೀರು ಪರೀಕ್ಷಿಸಿ ಎಲ್ಲವೂ ಸರಿಯಿದೆಯೆಂದು ವರದಿ ಬರೆಯುವುದರಿಂದ ಪ್ರಯೋಜನವಿಲ್ಲ. ಹಗಲಿನಲ್ಲಿ ಪಾಚಿಯು ಇಂಗಾಲದ ಡೈಆಕ್ಸೈಡನ್ನು ಹೀರಿದಂತೆ ನೀರಿನ ಕ್ಷಾರತೆ ಏರುತ್ತದೆ ಎಂಬುದನ್ನೂ ಮರೆಯಬಾರದು. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ನೀರಿನಲ್ಲಿರುವ ಒಟ್ಟು ಅಮೋನಿಯದಲ್ಲಿ ವಿಷಕಾರಿ ರೂಪದ್ದು ಶೇಕಡ 1ಕ್ಕಿಂತ ಕಡಿಮೆ. ಪಿಎಚ್ 9 ಆದಾಗ ಅದು ಶೇಕಡ 35ನ್ನು ದಾಟುತ್ತದೆ. ಅದೇ ನೀರು, ಅದೇ ಕೊಳೆ. ಹಾಗಿದ್ದೂ ಬೆಳಿಗ್ಗೆ ಉಸಿರುಗಟ್ಟುವ ಭಯ, ಮಧ್ಯಾಹ್ನ ಕಿವಿರು ಸುಡುವ ಭಯ. 2016ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿರಾಶಿ ಮೀನುಗಳು ಸತ್ತು ತೇಲಿದ್ದನ್ನು ಕಂಡವರಿಗೆ ಈ ಲೆಕ್ಕಾಚಾರ ದೂರದ ದ್ವೀಪದ ಸಂಗತಿಯಾಗಿ ಉಳಿಯುವುದಿಲ್ಲ.

ವಿಲ್ಸನ್ ಸರೋವರದ ಕಥನ

ಮೇಲೆ ಹೇಳಿದ ತತ್ತ್ವಗಳೆಲ್ಲ ಒಂದೇ ಕಡೆ ಕಾಣಸಿಗುವ ಸ್ಥಳವೆಂದರೆ ಹವಾಯಿಯ ಒವಾಹು ದ್ವೀಪದ ವಾಹಿಯಾವಾ ಜಲಾಶಯ. ಜನಬಳಕೆಯಲ್ಲಿ ಇದು ವಿಲ್ಸನ್ ಸರೋವರ. ಕೌಕೊನಾಹುವಾ ತೊರೆಯ ಎರಡು ಕವಲುಗಳು ಸೇರುವಲ್ಲಿ 1905–06ರ ಸುಮಾರಿಗೆ ಕಬ್ಬಿನ ತೋಟಗಳಿಗಾಗಿ ಅಣೆಕಟ್ಟು ಕಟ್ಟಲಾಯಿತು. ಸುಮಾರು 300 ಎಕರೆ ವಿಸ್ತಾರದ ಈ ಜಲಾಶಯ 1957ರಿಂದ ಸಾರ್ವಜನಿಕ ಮೀನುಗಾರಿಕಾ ಪ್ರದೇಶವಾಯಿತು. ದೊಡ್ಡಬಾಯಿಯ ಮತ್ತು ಚಿಕ್ಕಬಾಯಿಯ ಬಾಸ್, ಪೀಕಾಕ್ ಬಾಸ್, ಬ್ಲೂಗಿಲ್, ಚಾನಲ್ ಕ್ಯಾಟ್‌ಫಿಶ್, ಮರಲ್ ಜಾತಿಯ ಹಾವುತಲೆ ಮೀನು, ತಿಲಾಪಿಯ ಹೀಗೆ ನಾಲ್ಕು ಖಂಡಗಳ ಮೀನುಗಳು ಅಲ್ಲಿ ಒಟ್ಟಿಗೆ ನೆಲೆಸಿದವು. ಪಕ್ಕದ ಊರಿನ ಶುದ್ಧೀಕರಿಸಿದ ತ್ಯಾಜ್ಯನೀರೂ ಇದೇ ಜಲಾಶಯಕ್ಕೆ ಸೇರುತ್ತ ಬಂದಿದೆ. ಪೋಷಕಾಂಶಗಳಿಗೆ ಕೊರತೆಯಿರಲಿಲ್ಲವೆಂದೇ ಅರ್ಥ.

ಆ ಪೋಷಕಾಂಶಗಳ ಫಲ 2003ರ ಹೊತ್ತಿಗೆ ಕಣ್ಣಿಗೆ ರಾಚುವಂತಾಯಿತು. ಸಾಲ್ವೀನಿಯ ಮೊಲೆಸ್ಟಾ ಎಂಬ ತೇಲುವ ಜರೀಗಿಡ ನೀರಿನ ಮೇಲ್ಮೈಯನ್ನು ಬಹುಪಾಲು ಮುಚ್ಚಿಬಿಟ್ಟಿತು. ಬ್ರೆಜಿಲ್ ಮೂಲದ ಈ ಕಳೆ ಅನುಕೂಲ ಪರಿಸ್ಥಿತಿಯಲ್ಲಿ ಕೆಲವೇ ದಿನಗಳಲ್ಲಿ ತನ್ನ ರಾಶಿಯನ್ನು ಇಮ್ಮಡಿಗೊಳಿಸಿಕೊಳ್ಳಬಲ್ಲದು. ದೋಣಿ ನಡೆಸುವುದಿರಲಿ, ಗಾಳ ಎಸೆಯುವುದಕ್ಕೂ ತೆರಪಿಲ್ಲದಂತಾಯಿತು. ಬೆಳಕು ಒಳಗಿಳಿಯದ ಕಾರಣ ನೀರೊಳಗಿನ ಪಾಚಿ ಸತ್ತು, ಗಾಳಿಯ ಸಂಪರ್ಕವೂ ಕಡಿದು, ಆಮ್ಲಜನಕದ ಎರಡೂ ಮೂಲಗಳು ಬತ್ತುವ ಸ್ಥಿತಿ ಅದು. ರಾಜ್ಯ ಸರ್ಕಾರ, ಸೇನೆ, ನಗರಾಡಳಿತ ಮತ್ತು ಸ್ವಯಂಸೇವಕರು ಸೇರಿ ಯಂತ್ರಗಳಿಂದ ಬಾಚಿ, ಕಳೆನಾಶಕ ಸಿಂಪಡಿಸಿ, ಅಪಾರ ವೆಚ್ಚದಲ್ಲಿ ಅದನ್ನು ತೆರವುಗೊಳಿಸಬೇಕಾಯಿತು.

ಇಲ್ಲಿ ಒಂದು ಮಾತು. ಇದೇ ಕಳೆಯ ವಿರುದ್ಧ ಭಾರತದಲ್ಲಿ ನಡೆದ ಜೈವಿಕ ಪ್ರಯೋಗವೊಂದರ ನೆಲೆ ಬೆಂಗಳೂರು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನ ಮೂಂಡಾರಾ ಸರೋವರದಲ್ಲಿ 1980ರಲ್ಲಿ ಯಶಸ್ವಿಯಾಗಿದ್ದ ಸಿರ್ಟೊಬಾಗಸ್ ಸಾಲ್ವೀನಿಯೆ ಎಂಬ ಪುಟ್ಟ ಸೊಂಡಿಲುಕೀಟವನ್ನು ತರಿಸಿ, 1983–84ರಲ್ಲಿ ಬೆಂಗಳೂರಿನ ತಾವರೆಕೊಳವೊಂದರಲ್ಲಿ ಬಿಡಲಾಯಿತು. ವರ್ಷ ತುಂಬುವುದರೊಳಗೆ ಕೊಳ ತಿಳಿಯಾಯಿತು. ಅನಂತರ ಕೇರಳದ ಕಾಲುವೆಗಳಲ್ಲಿಯೂ ಈ ಕೀಟ ಫಲ ಕೊಟ್ಟಿತು. ಎರಡು ಮಿಲಿಮೀಟರಿನಷ್ಟು ಉದ್ದದ ಕೀಟಕ್ಕೂ ಭಾರಿ ಯಂತ್ರಕ್ಕೂ ಇರುವ ವೆಚ್ಚದ ಅಂತರವನ್ನು ಹೇಳಬೇಕಾಗಿಲ್ಲ. ಆದರೂ ಹೊರಗಿನ ಜೀವಿಗಳಿಂದ ಪೆಟ್ಟು ತಿಂದ ದ್ವೀಪವೊಂದು ಮತ್ತೊಂದು ಹೊರಗಿನ ಜೀವಿಯನ್ನು ಬರಮಾಡಿಕೊಳ್ಳಲು ಅನುಮಾನಿಸಿದರೆ ತಪ್ಪೆನ್ನಲಾಗದು.

ಸಾಲ್ವೀನಿಯ ಹೋದ ಮೇಲೆ ಬಾಸ್ ಮೀನುಗಾರಿಕೆ ಚೇತರಿಸಿಕೊಂಡಿತು. ಕಬ್ಬಿನ ಕಾರ್ಖಾನೆ 1996ರಲ್ಲಿಯೇ ಮುಚ್ಚಿತ್ತು. ಹಳೆಯ ಅಣೆಕಟ್ಟಿನ ಸುರಕ್ಷತೆ ಚರ್ಚೆಯ ವಿಷಯವಾಗಿ, 2023ರಲ್ಲಿ ರಾಜ್ಯ ಶಾಸನಸಭೆ ಜಲಾಶಯವನ್ನು ಸರ್ಕಾರದ ವಶಕ್ಕೆ ಪಡೆಯಲು ಹಣ ಒದಗಿಸಿತು. ಮರುವರ್ಷ, 2024ರ ವಸಂತದಲ್ಲಿ, ನೀರಿನ ಮಟ್ಟ ತೀರ ಇಳಿದಿದ್ದಾಗ ಸಾವಿರಾರು ಮೀನುಗಳು ಸತ್ತು ದಡ ಸೇರಿದವು. ಕರಗಿದ ಆಮ್ಲಜನಕದ ಕುಸಿತವೇ ಕಾರಣವೆಂದು ಅಧಿಕಾರಿಗಳು ತಿಳಿಸಿದರು. ಕಡಿಮೆ ನೀರಿನಲ್ಲಿ ಹೆಚ್ಚು ಮೀನು, ಹೆಚ್ಚು ಕೊಳೆ, ಹೆಚ್ಚು ಬಿಸಿಲು: ಹಿಂದಿನ ಭಾಗದಲ್ಲಿ ವಿವರಿಸಿದ ಲೆಕ್ಕದ ಪ್ರತಿಯೊಂದು ಸಾಲೂ ಅಲ್ಲಿ ಕೂಡಿಬಂದಿತ್ತು.

ಗಾಳಕ್ಕೆ ಸಿಕ್ಕ ಮೀನು

‘ಹಿಡಿದು ಬಿಡು’ ಎಂಬ ಪದ್ಧತಿ ಅಮೆರಿಕದ ಬಾಸ್ ಪಂದ್ಯಾವಳಿಗಳಲ್ಲಿ 1972ರಿಂದ ಪ್ರಚಾರಕ್ಕೆ ಬಂದಿತು. ಅದರ ಹಿಂದಿನ ಸದುದ್ದೇಶವನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಿಟ್ಟ ಮೀನೆಲ್ಲ ಬದುಕುತ್ತದೆಂಬ ನಂಬಿಕೆ ಬಿಸಿ ನೀರಿನಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಗಾಳದಲ್ಲಿ ಸೆಣಸಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸಂಗ್ರಹವಾಗುತ್ತದೆ. ಅದನ್ನು ಕಳೆದುಕೊಳ್ಳಲು ಹೆಚ್ಚಿನ ಆಮ್ಲಜನಕ ಬೇಕು. ನೀರಿನಲ್ಲಿ ಅದೇ ಕಡಿಮೆ. ಮೇಲೆತ್ತಿ ಛಾಯಾಚಿತ್ರ ತೆಗೆಯುವಾಗ ಕಿವಿರಿನ ತೆಳುಪದರಗಳು ಒಂದಕ್ಕೊಂದು ಅಂಟಿಕೊಂಡು ಉಸಿರಾಟ ನಿಂತಿರುತ್ತದೆ. ಒಣ ಕೈಯಿಂದ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಹೋಗುತ್ತದೆ. ಈ ಲೋಳೆ ಬರೀ ಜಾರಿಕೆಗಲ್ಲ, ರೋಗಾಣುಗಳ ವಿರುದ್ಧ ಮೀನಿನ ಮೊದಲ ಕೋಟೆ. ಕೋಟೆ ಒಡೆದ ಕಡೆ ಫ್ಲೇವೊಬ್ಯಾಕ್ಟೀರಿಯಂ ಕಾಲಮ್ನೇರ್ ಎಂಬ ಬ್ಯಾಕ್ಟೀರಿಯ ನೆಲೆಯೂರಿ ಬೆನ್ನಿನ ಮೇಲೆ ಹಳದಿ ಮಿಶ್ರಿತ ಬೂದು ಬಣ್ಣದ ಹುಣ್ಣುಗಳನ್ನು ಉಂಟುಮಾಡುತ್ತದೆ. ನೀರಿನಲ್ಲಿ ಸದಾ ಇರುವ ಏರೊಮೊನಾಸ್ ಜಾತಿಯ ಬ್ಯಾಕ್ಟೀರಿಯಗಳಿಂದ ಕೆಂಪು ಗಾಯಗಳಾಗುತ್ತವೆ. ಇವೆರಡೂ ಬಿಸಿ ನೀರಿನಲ್ಲಿ ಚುರುಕಾಗುವ ಜೀವಿಗಳು. ಸಾವು ಕೂಡಲೇ ಬರುವುದಿಲ್ಲ, ದಿನಗಳ ಬಳಿಕ ಬರುತ್ತದೆ. ಆಗ ಗಾಳಗಾರ ಮನೆ ಸೇರಿರುತ್ತಾನೆ. ಈ ತಡವಾದ ಸಾವನ್ನು ಎಣಿಸುವ ಅಧ್ಯಯನಗಳು ಪೋರ್ಟೊರಿಕೊದ ಪಂದ್ಯಾವಳಿಗಳಲ್ಲಿ ನಡೆದದ್ದು ಶ್ಲಾಘನೀಯ.

ಪರಿಹಾರಗಳು ಸರಳವಾದವು. ಕೈ ಒದ್ದೆ ಮಾಡಿಕೊಂಡು ಮೀನನ್ನು ಹಿಡಿಯುವುದು, ಗಾಳವನ್ನು ನೀರಿನಲ್ಲಿಯೇ ಬಿಡಿಸುವುದು, ದೋಣಿಯ ತೊಟ್ಟಿಯಲ್ಲಿ ಗಾಳಿ ಹಾಯಿಸಿ ನೀರನ್ನು ಕೊಂಚ ತಂಪಾಗಿಡುವುದು, ಗೂಡು ಕಾಯುವ ಗಂಡುಮೀನಿನ ತಂಟೆಗೆ ಹೋಗದಿರುವುದು, ಕಡುಬೇಸಿಗೆಯ ಮಧ್ಯಾಹ್ನಗಳಲ್ಲಿ ಪಂದ್ಯ ನಡೆಸದಿರುವುದು. ಒಂದು ಜಲಾಶಯದ ಮೀನನ್ನೋ ನೀರನ್ನೋ ಇನ್ನೊಂದಕ್ಕೆ ಸಾಗಿಸಬಾರದೆಂಬುದು ಇವೆಲ್ಲಕ್ಕಿಂತ ಮುಖ್ಯ. ದಕ್ಷಿಣ ಕೆರೊಲಿನಾದ ಸ್ಯಾಂಟೀ ಕೂಪರ್ ಜಲಾಶಯದಲ್ಲಿ 1995ರಲ್ಲಿ ದೊಡ್ಡ ಬಾಸ್‌ಗಳನ್ನು ಕೊಂದ ರಾನಾವೈರಸ್, ಹೊರನೋಟಕ್ಕೆ ಆರೋಗ್ಯವಾಗಿರುವ ಮೀನಿನಲ್ಲಿಯೂ ಅಡಗಿರಬಲ್ಲದು. ಬಿಸಿ ಮತ್ತು ಆಯಾಸ ಸೇರಿದಾಗ ತಲೆಯೆತ್ತುತ್ತದೆ. ದ್ವೀಪವೊಂದರ ಏಕೈಕ ನೈಸರ್ಗಿಕ ರಕ್ಷಣೆಯೆಂದರೆ ಸುತ್ತಲಿನ ಕಡಲು. ಮೀನುಮರಿಯ ಪೊಟ್ಟಣ ಹಿಡಿದು ವಿಮಾನವೇರಿದವನ ಮುಂದೆ ಆ ರಕ್ಷಣೆ ನಿಲ್ಲುವುದಿಲ್ಲ.

ಹಳೆಯ ನಿವಾಸಿಗಳು

ಇದುವರೆಗೆ ಬಾಸ್‌ನ ಆರೋಗ್ಯದ ಮಾತಾಯಿತು. ಅದೇ ನೀರಿನ ಹಳೆಯ ನಿವಾಸಿಗಳ ಗತಿಯೇನು ಎಂಬುದು ಹೆಚ್ಚು ಗಂಭೀರವಾದ ಪ್ರಶ್ನೆ. ಹವಾಯಿಯ ತೊರೆಗಳ ಸ್ಥಳೀಯ ಮೀನುಗಳು ಐದೇ ಪ್ರಭೇದಗಳು. ಅಲ್ಲಿಯ ಜನ ಅವನ್ನು ‘ಒಒಪು’ ಎನ್ನುತ್ತಾರೆ. ಇವುಗಳ ಜೀವನಕ್ರಮ ವಿಸ್ಮಯಕಾರಿ. ತೊರೆಯಲ್ಲಿ ಮೊಟ್ಟೆಯೊಡೆದ ಮರಿ ಪ್ರವಾಹದೊಡನೆ ಕಡಲಿಗೆ ಹೋಗುತ್ತದೆ. ಕೆಲವು ತಿಂಗಳು ಅಲ್ಲಿ ತೇಲಿ ಬೆಳೆದು ಯಾವುದಾದರೊಂದು ತೊರೆಯ ಬಾಯಿಗೆ ಮರಳುತ್ತದೆ. ಅಲ್ಲಿಂದ ಮೇಲಕ್ಕೆ ಏರುತ್ತದೆ. ಹೊಟ್ಟೆಯಡಿಯ ಈಜುರೆಕ್ಕೆಗಳು ಕೂಡಿ ಬಟ್ಟಲಿನಂತಾಗಿರುವುದರಿಂದ ಬಂಡೆಗೆ ಅಂಟಿಕೊಂಡು ಜಲಪಾತಗಳನ್ನೇ ಹತ್ತಬಲ್ಲದು. 442 ಅಡಿ ಎತ್ತರದ ಅಕಾಕಾ ಜಲಪಾತದ ಮೇಲ್ಭಾಗದಲ್ಲಿಯೂ ಲೆಂಟಿಪೆಸ್ ಕಾಂಕಲರ್ ಎಂಬ ಒಒಪು ವಾಸಿಸುತ್ತದೆ. ಮೀನೊಂದು ಬೆರಳುದ್ದದ ದೇಹ ಹೊತ್ತು ಆ ಬಂಡೆಗೋಡೆಯನ್ನು ಹತ್ತುವುದನ್ನು ಊಹಿಸಿಕೊಳ್ಳುವುದೂ ಕಷ್ಟ.

ಕಡಲಿನಿಂದ ಮರಳುವ ಮರಿಗಳು ಸಿಹಿನೀರಿನ ಪರೋಪಜೀವಿಗಳನ್ನು ತರುತ್ತಿರಲಿಲ್ಲ. ತೊರೆಗಳಲ್ಲಿಯೂ ಅಂತಹವು ಅತಿ ವಿರಳವಾಗಿದ್ದವು. 1990ರ ದಶಕದಲ್ಲಿ ವಿಲಿಯಂ ಫಾಂಟ್ ಮತ್ತು ಸಹೋದ್ಯೋಗಿಗಳು ಒಒಪುಗಳನ್ನು ಪರೀಕ್ಷಿಸಿದಾಗ ಕಮಲ್ಲಾನಸ್ ಕಾಟಿ ಎಂಬ ದುಂಡುಹುಳು, ಏಷ್ಯದ ಮೀನುಗಳ ಲಾಡಿಹುಳು ಮತ್ತು ಒಂದು ಜಿಗಣೆ ಕಂಡುಬಂದವು. ಮೂರೂ ಹೊರಗಿನವು. ಇವುಗಳಲ್ಲಿ ಹುಳುಗಳನ್ನು ಹೊತ್ತು ತಂದದ್ದು ಬಾಸ್ ಅಲ್ಲ. ಸೊಳ್ಳೆ ನಿಯಂತ್ರಣಕ್ಕೋ ಅಲಂಕಾರಕ್ಕೋ ಬಿಟ್ಟ ಗಪ್ಪಿ, ಸ್ವೋರ್ಡ್‌ಟೇಲ್‌ಗಳಂತಹ ಚಿಕ್ಕ ಮೀನುಗಳು. ಸೊಳ್ಳೆಮೀನು ಗ್ಯಾಂಬೂಸಿಯ 1905ರಲ್ಲಿ ಹವಾಯಿಗೆ, 1928ರಲ್ಲಿ ಭಾರತಕ್ಕೆ ಬಂದದ್ದು ಇದೇ ಉತ್ಸಾಹದಲ್ಲಿ. ಬಾಸ್‌ನ ಪಾತ್ರ ಬೇರೆ ಬಗೆಯದು. ಜಲಾಶಯವನ್ನು ದಾಟಿ ತೊರೆಗಳಿಗೆ ಇಳಿದ ಚಿಕ್ಕಬಾಯಿಯ ಬಾಸ್, ಒವಾಹು ಮತ್ತು ಕವಾಯಿ ದ್ವೀಪಗಳಲ್ಲಿ ಒಒಪುಗಳನ್ನೂ ಸೀಗಡಿಗಳನ್ನೂ ತಿನ್ನುತ್ತದೆ. ಹೀಗೆ ಒಂದೇ ಇಲಾಖೆ ಒಂದು ಕೈಯಲ್ಲಿ ಬಾಸ್ ಮೀನುಗಾರಿಕೆಯನ್ನು ಪೋಷಿಸುತ್ತ ಇನ್ನೊಂದು ಕೈಯಲ್ಲಿ ಒಒಪುವನ್ನು ಕಾಯಬೇಕಾದ ಇಕ್ಕಟ್ಟು ಏರ್ಪಟ್ಟಿದೆ.

ಈ ಇಕ್ಕಟ್ಟು ನಮಗೂ ಅಪರಿಚಿತವಲ್ಲ. ಕಾವೇರಿಯಲ್ಲಿ ಬೇರೆಡೆ ಮರಿಮಾಡಿ ತಂದ ನೀಲಿರೆಕ್ಕೆಯ ಮಹಶೀರ್ ಹಬ್ಬಿದಂತೆ, ಅಲ್ಲಿಯದೇ ಆದ ಗೂನುಬೆನ್ನಿನ ಮಹಶೀರ್ ವಿರಳವಾಗುತ್ತ ಹೋದದ್ದು ಗಾಳಗಾರರೇ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳಿಂದ ತಿಳಿದುಬಂದಿತು. ಟಾರ್ ರೆಮಾದೇವಿ ಎಂದು 2018ರಲ್ಲಿ ಗುರುತಿಸಲಾದ ಈ ಮೀನು ಅದೇ ವರ್ಷ ತೀವ್ರ ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿತು. ದಾಖಲೆ ಬರೆದಿಡದಿದ್ದರೆ ಅದು ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಗಾಳ ಹಿಡಿದವರೆಲ್ಲ ಮೀನಿನ ಶತ್ರುಗಳಲ್ಲವೆಂಬುದಕ್ಕೂ ಇದು ಸಾಕ್ಷಿ.

ಪೋರ್ಟೊರಿಕೊದಲ್ಲಿ ಅಣೆಕಟ್ಟುಗಳೇ ಸ್ಥಳೀಯ ಮೀನುಗಳಿಗೆ ದೊಡ್ಡ ಪೆಟ್ಟು. ಕಡಲಿಗೂ ಬೆಟ್ಟಕ್ಕೂ ನಡುವೆ ಓಡಾಡಬೇಕಾದ ಬೆಟ್ಟದ ಮಲ್ಲೆಟ್, ಸಿರಾಹೊ ಗೋಬಿ, ಹಾವುಮೀನು, ಸೀಗಡಿ ಇವೆಲ್ಲ ಎತ್ತರದ ಕಟ್ಟೆಗಳ ಮೇಲ್ಭಾಗದಿಂದ ಬಹುಮಟ್ಟಿಗೆ ಮರೆಯಾಗಿವೆ. ಇದಕ್ಕೆ ಒಂದು ಅಪವಾದ ಸಿಕ್ಕಿದೆ. ಗೋಬಿಯೊಮೊರಸ್ ಡಾರ್ಮಿಟರ್ ಎಂಬ ಅಗಲಬಾಯಿಯ ಸ್ಥಳೀಯ ಬೇಟೆಮೀನು ಸಾಮಾನ್ಯವಾಗಿ ನದಿ ಮತ್ತು ಅಳಿವೆಗಳ ನಡುವೆ ಬದುಕುವಂತಹುದು. ಕರೀಟೆ ಜಲಾಶಯದಲ್ಲಿ ಮಾತ್ರ ಅದು ಕಡಲ ಸಂಪರ್ಕವೇ ಇಲ್ಲದೆ, ಸಿಹಿನೀರಿನಲ್ಲಿಯೇ ಮೊಟ್ಟೆಯಿಟ್ಟು ಮರಿಮಾಡುತ್ತಿರುವುದನ್ನು ಬ್ಯಾಕೆಲರ್, ನೀಲ್ ಮತ್ತು ನೋಬಲ್ 2004ರಲ್ಲಿ ವರದಿ ಮಾಡಿದರು. ಈ ಮೀನು ಗಾಳಕ್ಕೆ ಬೀಳುತ್ತದೆ, ತಿನ್ನಲು ರುಚಿಯಾಗಿದೆ. ಬಾಸ್‌ನೊಂದಿಗೆ ಒಂದೇ ಜಲಾಶಯದಲ್ಲಿ ಅದು ನೆಲೆ ಉಳಿಸಿಕೊಂಡಿದೆ. ಗೂಡು ಕಾಯುವ ಬಾಸ್‌ನಂತೆಯೇ ಇದರ ಗಂಡೂ ಕಲ್ಲಿನ ಮೇಲಿಟ್ಟ ಮೊಟ್ಟೆಗಳ ಬಳಿ ಕಾವಲು ನಿಲ್ಲುತ್ತದೆ.